ಉಪಗ್ರಹ ಆಧಾರಿತ ಸ್ಥಾನನಿರ್ಣಯ ವ್ಯವಸ್ಥೆಗಳು: ಪ್ರಾದೇಶಿಕತೆ ಮತ್ತು ಜಾಗತಿಕತೆಯ ತೌಲನಿಕ ವಿವೇಚನೆ

ಜಾಗತೀಕರಣವನ್ನು ಕುರಿತ ಕನ್ನಡದ ಚರ್ಚೆಗಳಲ್ಲಿ ‘ಪ್ರಾದೇಶಿಕ’ ಮತ್ತು ‘ಜಾಗತಿಕ’ ಎಂಬ ಪರಿಕಲ್ಪನೆಗಳು ಬಹುಮಟ್ಟಿಗೆ ಪರಸ್ಪರ ವಿರುದ್ಧವಾದ ನೆಲೆಗಳಾಗಿಯೇ ಬಳಕೆಯಾಗುತ್ತ ಬಂದಿವೆ. ಪ್ರಾದೇಶಿಕವಾದುದು ಚಿಕ್ಕದು, ಸೀಮಿತವಾದುದು, ರಕ್ಷಣೆಯನ್ನು ಬೇಡುವಂಥದು. ಜಾಗತಿಕವಾದುದು ದೊಡ್ಡದು, ಎಲ್ಲರಿಗೂ ಸೇರಿದುದು, ತಡೆಯಲಾಗದುದು ಎಂಬ ಗ್ರಹಿಕೆ ಈ ಚರ್ಚೆಗಳ ಹಿಂದೆ ಕೆಲಸ ಮಾಡುತ್ತಿರುತ್ತದೆ. ಭಾಷೆ, ಸಾಹಿತ್ಯ, ಸಂಸ್ಕೃತಿಗಳ ಸಂದರ್ಭದಲ್ಲಿ ಈ ಪರಿಕಲ್ಪನೆಗಳು ಅಮೂರ್ತವಾಗಿರುವುದರಿಂದ ಅವುಗಳ ನಡುವಣ ಸಂಬಂಧವನ್ನು ಖಚಿತವಾಗಿ ಪರೀಕ್ಷಿಸುವುದು ಸುಲಭವಲ್ಲ. ಆದರೆ ಇವೇ ಎರಡು ಮಾತುಗಳು ಅಳೆದು ನೋಡಬಹುದಾದ ತಾಂತ್ರಿಕ ಪರಿಭಾಷೆಯಾಗಿ ಬಳಕೆಯಲ್ಲಿರುವ ಒಂದು ಕ್ಷೇತ್ರವಿದೆ. ಅದು ಉಪಗ್ರಹಗಳ ನೆರವಿನಿಂದ ಭೂಮಿಯ ಮೇಲಿನ ಯಾವುದೇ ಸ್ಥಾನವನ್ನು ಗುರುತಿಸುವ ವ್ಯವಸ್ಥೆಗಳ ಕ್ಷೇತ್ರ. ಅಮೆರಿಕದ ಜಿಪಿಎಸ್, ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಇವು ಜಾಗತಿಕ ವ್ಯವಸ್ಥೆಗಳೆಂದೂ, ಭಾರತದ ನಾವಿಕ್ ಮತ್ತು ಜಪಾನಿನ ಮಿಚಿಬಿಕಿ ಪ್ರಾದೇಶಿಕ ವ್ಯವಸ್ಥೆಗಳೆಂದೂ ಪರಿಗಣಿತವಾಗಿವೆ. ಈ ವರ್ಗೀಕರಣ ಯಾವ ಆಧಾರದ ಮೇಲೆ ನಿಂತಿದೆ, ಪ್ರಾದೇಶಿಕ ವ್ಯವಸ್ಥೆ ನಿಜಕ್ಕೂ ಜಾಗತಿಕ ವ್ಯವಸ್ಥೆಯ ಒಂದು ತುಣುಕೇ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನೆಲೆ ಮತ್ತು ಅಳತೆ: ಹಿನ್ನೆಲೆ

ಒಂದು ಸ್ಥಳವನ್ನು ಗುರುತಿಸುವ ಕ್ರಮಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯದು ಸುತ್ತಣ ಗುರುತುಗಳಿಂದ ಸ್ಥಳವನ್ನು ಹೇಳುವ ಕ್ರಮ. ನಮ್ಮ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕುಗಳಲ್ಲಿಯೂ ಕೆರೆ, ಹಳ್ಳ, ಮರ, ನೆಟ್ಟ ಕಲ್ಲುಗಳನ್ನು ಹೆಸರಿಸುತ್ತವೆ. ಆ ಊರನ್ನು ಬಲ್ಲವನಿಗೆ ಇದಕ್ಕಿಂತ ನಿಖರವಾದ ವಿವರ ಬೇಕಿಲ್ಲ. ಬಲ್ಲದವನಿಗೆ ಇದರಿಂದ ಪ್ರಯೋಜನವಿಲ್ಲ. ಎರಡನೆಯದು ಊರನ್ನು ಬಲ್ಲದವನಿಗೂ ಉಪಯೋಗವಾಗುವಂತೆ ಸ್ಥಳವನ್ನು ಅಂಕಿಗಳಿಗೆ ಇಳಿಸುವ ಕ್ರಮ. ಅಕ್ಷಾಂಶ, ರೇಖಾಂಶಗಳು ಈ ಕ್ರಮಕ್ಕೆ ಸೇರಿದವು.

ಈ ಎರಡು ಕ್ರಮಗಳು ಕರ್ನಾಟಕದಲ್ಲಿ ಒಂದೇ ಕಾಲದಲ್ಲಿ ಎದುರುಬದುರಾದುದು 1799ರ ಅನಂತರ. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ಕೈಗೊಂಡ ಕಾಲಿನ್ ಮೆಕೆಂಜಿ ಭೂಪಟಗಳ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಕನ್ನಡ ಸಂಶೋಧಕರಿಗೆ ಕೈಫಿಯತ್ತುಗಳ ಮೂಲಕ ಪರಿಚಿತನಾಗಿರುವ ಈತ ವೃತ್ತಿಯಿಂದ ಭೂಮಾಪಕನಾಗಿದ್ದು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು ಎಂಬುದು ಗಮನಾರ್ಹ. ಇದೇ ಅವಧಿಯಲ್ಲಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಆರಂಭಿಸಿದ ಅವನ ತ್ರಿಕೋನಮಿತಿ ಸರ್ವೇಕ್ಷಣೆಗೆ ಊರುಗಳ ಹೆಸರಾಗಲಿ ಕಥೆಯಾಗಲಿ ಅಗತ್ಯವಿರಲಿಲ್ಲ. ಬೇಕಾಗಿದ್ದುದು ಕೋನ ಮತ್ತು ದೂರ ಮಾತ್ರ. ಮೆಕೆಂಜಿಯ ಕೆಲಸದಲ್ಲಿ ಪ್ರದೇಶದ ಮಾತು ದಾಖಲಾಯಿತು. ಲ್ಯಾಂಬ್ಟನ್‌ನ ಕೆಲಸದಲ್ಲಿ ಪ್ರದೇಶವು ಭೂಗೋಳದ ಅಳತೆಯ ಒಂದು ಬಿಂದುವಾಯಿತು. ಎರಡೂ ಕೆಲಸಗಳು ಒಂದೇ ಆಡಳಿತದ ಆಶ್ರಯದಲ್ಲಿ ನಡೆದವು. ಆದ್ದರಿಂದ ಅಳತೆ ಯಾವ ಬಗೆಯದು ಎಂಬ ಪ್ರಶ್ನೆಯ ಜೊತೆಗೆ ಅಳತೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಉಪಗ್ರಹ ವ್ಯವಸ್ಥೆಗಳ ವಿಚಾರದಲ್ಲಿಯೂ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇರಿಸಿಕೊಂಡು ನೋಡುವುದು ಅಗತ್ಯ.

ಕಾರ್ಯವಿಧಾನ

ಪತ್ರಿಕೆಗಳಲ್ಲಿ ಈ ಉಪಗ್ರಹಗಳನ್ನು ‘ದಿಕ್ಸೂಚಿ ಉಪಗ್ರಹ’ಗಳೆಂದು ಕರೆಯುವುದು ರೂಢಿಯಾಗಿದೆ. ಈ ಪ್ರಯೋಗ ಅಷ್ಟು ಸಮರ್ಪಕವಾದುದಲ್ಲ. ದಿಕ್ಸೂಚಿ ಹೇಳುವುದು ದಿಕ್ಕನ್ನು. ಈ ಉಪಗ್ರಹಗಳು ಹೇಳುವುದು ಕಾಲವನ್ನು. ಪ್ರತಿ ಉಪಗ್ರಹದಲ್ಲಿಯೂ ಪರಮಾಣು ಗಡಿಯಾರಗಳಿದ್ದು, ತಾನು ಎಲ್ಲಿದ್ದೇನೆ, ಈಗ ಸಮಯವೆಷ್ಟು ಎಂಬುದನ್ನು ಅದು ನಿರಂತರವಾಗಿ ಬಿತ್ತರಿಸುತ್ತಿರುತ್ತದೆ. ಈ ಸಂಕೇತ ಬೆಳಕಿನ ವೇಗದಲ್ಲಿ ಸಾಗಿ ಬರುತ್ತದೆ. ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ಅಂತರದಿಂದ ಕೆಳಗಿನ ಗ್ರಾಹಕ ಸಾಧನವು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಸ್ಥಾನವನ್ನು ಹೇಳಲು ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಸಂಖ್ಯೆಗಳು ಬೇಕು. ಗ್ರಾಹಕದ ಅಗ್ಗದ ಗಡಿಯಾರದಲ್ಲಿನ ದೋಷ ನಾಲ್ಕನೆಯ ಅಜ್ಞಾತ ಸಂಖ್ಯೆ. ಆದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಏಕಕಾಲದಲ್ಲಿ ಗೋಚರವಾಗಿರಬೇಕು.

ಬೆಳಕು ಒಂದು ಮೈಕ್ರೊಸೆಕೆಂಡಿನಲ್ಲಿ ಸುಮಾರು 300 ಮೀಟರ್ ಸಾಗುತ್ತದೆ. ಎಂದರೆ ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೆ ದೂರದ ಲೆಕ್ಕ 300 ಮೀಟರಿನಷ್ಟು ತಪ್ಪುತ್ತದೆ. ಗುರುತ್ವ ಮತ್ತು ವೇಗಗಳ ಪರಿಣಾಮವಾಗಿ ಜಿಪಿಎಸ್ ಉಪಗ್ರಹದ ಗಡಿಯಾರ ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದ ಆಧಾರದಿಂದ ಇದನ್ನು ಸರಿಪಡಿಸದಿದ್ದರೆ ಇಡೀ ವ್ಯವಸ್ಥೆ ಒಂದು ದಿನವೂ ಉಪಯೋಗಕ್ಕೆ ಬಾರದು. ಹೀಗೆ ಸ್ಥಾನನಿರ್ಣಯವು ಮೂಲತಃ ಕಾಲನಿರ್ಣಯವಾಗಿದೆ. ಗಡಿಯಾರ ಯಾರದೋ ನೆಲೆಯನ್ನು ಹೇಳುವ ಅಧಿಕಾರವೂ ಅವರದೇ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ.

ಜಾಗತಿಕ ವ್ಯವಸ್ಥೆಗಳು

ಜಿಪಿಎಸ್‌ನ ಮೊದಲ ಉಪಗ್ರಹ ಕಕ್ಷೆಗೆ ಸೇರಿದುದು 1978ರಲ್ಲಿ. ವ್ಯವಸ್ಥೆ ಪೂರ್ಣ ಪ್ರಮಾಣದಲ್ಲಿ ಸಿದ್ಧವಾದುದು 1995ರಲ್ಲಿ. ಸುಮಾರು 20,200 ಕಿಲೋಮೀಟರ್ ಎತ್ತರದ ಆರು ಕಕ್ಷಾತಲಗಳಲ್ಲಿ ಕನಿಷ್ಠ 24 ಉಪಗ್ರಹಗಳು ಇರುವಂತೆ ಇದನ್ನು ರೂಪಿಸಲಾಗಿದ್ದು, ಪ್ರತಿಯೊಂದೂ ಸುಮಾರು 12 ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಯಾವ ಉಪಗ್ರಹವೂ ಯಾವ ದೇಶದ ಮೇಲೆಯೂ ನಿಲ್ಲುವುದಿಲ್ಲ. ಯಾವುದೇ ಕ್ಷಣದಲ್ಲಿ ಯಾವುದೇ ಸ್ಥಳಕ್ಕೆ ಅವುಗಳಲ್ಲಿ ಕೆಲವು ಮಾತ್ರ ಕಾಣುತ್ತವೆ. ಉಳಿದವು ಭೂಮಿಯ ಬೇರೆ ಭಾಗಗಳ ಮೇಲಿರುತ್ತವೆ. ವ್ಯಾಪ್ತಿಯ ದೃಷ್ಟಿಯಿಂದ ಇದು ಎಲ್ಲ ದೇಶಗಳನ್ನೂ ಸಮಾನವಾಗಿ ಕಾಣುವ ವಿನ್ಯಾಸ.

ಒಡೆತನದ ಮಾತು ಬೇರೆ. ಜಿಪಿಎಸ್ ಅಮೆರಿಕದ ಸೇನೆಗಾಗಿ ರೂಪುಗೊಂಡ ವ್ಯವಸ್ಥೆ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶವನ್ನು ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದ ಬಳಿಕ ಅಧ್ಯಕ್ಷ ರೇಗನ್ ಸರಕಾರವು ಇದನ್ನು ನಾಗರಿಕರ ಬಳಕೆಗೂ ತೆರೆಯುವುದಾಗಿ ಘೋಷಿಸಿತು. ಆದರೆ ನಾಗರಿಕರಿಗೆ ದೊರೆತ ಸಂಕೇತವನ್ನು ಉದ್ದೇಶಪೂರ್ವಕವಾಗಿ ಮಬ್ಬುಗೊಳಿಸಲಾಗಿತ್ತು; ಅದರ ದೋಷ 100 ಮೀಟರಿನವರೆಗೂ ಇರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಈ ಕ್ರಮವನ್ನು ನಿಲ್ಲಿಸಲಾಯಿತು. ಒಂದು ರಾತ್ರಿಯಲ್ಲಿ ಜಗತ್ತಿನ ಎಲ್ಲ ಗ್ರಾಹಕ ಸಾಧನಗಳೂ ಹಲವು ಪಟ್ಟು ನಿಖರವಾದವು. ಭಾರತದ ಸ್ವಂತ ವ್ಯವಸ್ಥೆಯ ಅಗತ್ಯವನ್ನು ಹೇಳುವಾಗ 1999ರ ಕಾರ್ಗಿಲ್ ಯುದ್ಧದ ಸಂದರ್ಭವನ್ನು ಉಲ್ಲೇಖಿಸುವುದು ವಾಡಿಕೆ. ವಾದಕ್ಕೆ ಅದರ ಅಗತ್ಯವಿಲ್ಲ. ಒಂದು ದೇಶದ ಅಧ್ಯಕ್ಷರ ಆದೇಶದಿಂದ ಎಲ್ಲ ದೇಶಗಳ ನಿಖರತೆ ಬದಲಾಗುವುದೇ ಸಾಕಷ್ಟು ಪುರಾವೆಯಾಗಿದೆ. ಒಳ್ಳೆಯದಾಗಲೆಂದು ಮಾಡಿದ ಆದೇಶವೂ ಆದೇಶವೇ.

ಸೋವಿಯತ್ ಒಕ್ಕೂಟವು 1982ರಲ್ಲಿ ಆರಂಭಿಸಿದ ಗ್ಲೋನಾಸ್ ಇನ್ನೊಂದು ಪಾಠವನ್ನು ಹೇಳುತ್ತದೆ. 1990ರ ದಶಕದ ನಡುವಿನಲ್ಲಿ 24 ಉಪಗ್ರಹಗಳನ್ನು ಹೊಂದಿದ್ದ ಈ ವ್ಯವಸ್ಥೆ ಆರ್ಥಿಕ ಕುಸಿತದಿಂದಾಗಿ ಹೊಸ ಉಪಗ್ರಹಗಳನ್ನು ಕಾಣದೆ ಸೊರಗಿತು. 2001ರ ವೇಳೆಗೆ ಕೆಲಸ ಮಾಡುತ್ತಿದ್ದ ಉಪಗ್ರಹಗಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದಿತ್ತು. ಅದು ಮತ್ತೆ 24ನ್ನು ಮುಟ್ಟಿದುದು 2011ರಲ್ಲಿ. ನಡುವಣ ವರ್ಷಗಳಲ್ಲಿ ಅದರ ಹೆಸರಿನಲ್ಲಿ ‘ಜಾಗತಿಕ’ ಎಂಬ ವಿಶೇಷಣವಿತ್ತು. ಜಗತ್ತಿಗೆ ನಿರಂತರವಾದ ಸೇವೆ ಇರಲಿಲ್ಲ. ಐರೋಪ್ಯ ಒಕ್ಕೂಟವು ನಾಗರಿಕ ಆಡಳಿತದಲ್ಲಿಯೇ ಕಟ್ಟಿದ ಗೆಲಿಲಿಯೊ 2016ರ ಡಿಸೆಂಬರಿನಲ್ಲಿ ಆರಂಭಿಕ ಸೇವೆಯನ್ನು ಘೋಷಿಸಿತು. ಮಿತ್ರ ರಾಷ್ಟ್ರಗಳೇ ಆಗಿದ್ದರೂ ಯುರೋಪಿನ ದೇಶಗಳು ಬೇರೊಂದು ವ್ಯವಸ್ಥೆಯನ್ನು ಕಟ್ಟಿಕೊಂಡುದು ವ್ಯಾಪ್ತಿ ಮತ್ತು ಒಡೆತನಗಳ ಅಂತರವನ್ನು ಸ್ಪಷ್ಟಪಡಿಸುತ್ತದೆ.

ಪ್ರಾದೇಶಿಕ ವ್ಯವಸ್ಥೆಗಳು

ಪ್ರಾದೇಶಿಕ ಎಂಬ ಒಂದೇ ಮಾತಿನ ಅಡಿಯಲ್ಲಿ ಕನಿಷ್ಠ ನಾಲ್ಕು ಬಗೆಯ ಸಂಬಂಧಗಳು ಅಡಗಿರುವುದನ್ನು ಗುರುತಿಸಬಹುದು.

ಮೊದಲನೆಯದು ಅವಲಂಬನೆಯ ಸಂಬಂಧ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ರೂಪಿಸಿದ ‘ಗಗನ್’ ಇದಕ್ಕೆ ನಿದರ್ಶನ. ಇದು ಜಿಪಿಎಸ್ ಸಂಕೇತದಲ್ಲಿನ ದೋಷಗಳನ್ನು ಭೂಕೇಂದ್ರಗಳಲ್ಲಿ ಅಳೆದು, ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹದ ಮೂಲಕ ವಿಮಾನಗಳಿಗೆ ಕಳುಹಿಸುತ್ತದೆ. ಮೂಲಪಠ್ಯ ಜಿಪಿಎಸ್‌ನದು, ಗಗನ್ ಅದರ ಶುದ್ಧಪಾಠವನ್ನು ಒದಗಿಸುತ್ತದೆ. ಮೂಲವೇ ಇಲ್ಲವಾದರೆ ತಿದ್ದುಪಡಿಗೆ ಅರ್ಥವಿಲ್ಲ.

ಎರಡನೆಯದು ಸಹಚರ್ಯೆಯ ಸಂಬಂಧ. ಜಪಾನಿನ ಮಿಚಿಬಿಕಿಯ ಮೊದಲ ಉಪಗ್ರಹ 2010ರಲ್ಲಿ ಹಾರಿತು. ನಾಲ್ಕು ಉಪಗ್ರಹಗಳ ಸೇವೆ 2018ರ ನವೆಂಬರಿನಲ್ಲಿ ಆರಂಭವಾಯಿತು. ಜಪಾನಿನ ನಗರಗಳ ಎತ್ತರದ ಕಟ್ಟಡಗಳ ನಡುವೆ ದಿಗಂತದ ಸಮೀಪದ ಉಪಗ್ರಹಗಳು ಮರೆಯಾಗುತ್ತವೆ. ಇದಕ್ಕೆ ಪರಿಹಾರವಾಗಿ ಒಂದಾದರೂ ಉಪಗ್ರಹ ಸದಾ ಆ ದೇಶದ ನೆತ್ತಿಯ ಹತ್ತಿರವಿರುವಂತೆ ದೀರ್ಘವೃತ್ತಾಕಾರದ ಓರೆ ಕಕ್ಷೆಗಳನ್ನು ಆರಿಸಿಕೊಳ್ಳಲಾಗಿದೆ. ಜಿಪಿಎಸ್‌ನೊಡನೆ ಹೊಂದಿಕೊಂಡು ಅದರ ಕೊರತೆಯನ್ನು ತುಂಬುವುದು ಈ ಹಂತದ ಗುರಿ. ಏಳು ಉಪಗ್ರಹಗಳಿಗೆ ವಿಸ್ತರಿಸಿ ಸ್ವಂತ ಶಕ್ತಿಯಿಂದಲೇ ಸ್ಥಾನವನ್ನು ಹೇಳಬಲ್ಲ ವ್ಯವಸ್ಥೆಯಾಗಿ ಬೆಳೆಸುವುದು ಆ ದೇಶದ ಮುಂದಿನ ಯೋಜನೆ.

ಮೂರನೆಯದು ಪ್ರಾದೇಶಿಕತೆಯನ್ನು ಒಂದು ಹಂತವಾಗಿ ಕಾಣುವ ಕ್ರಮ. ಚೀನಾ 2000ದಲ್ಲಿ ಎರಡು ಉಪಗ್ರಹಗಳೊಡನೆ ಬೈದೌ ವ್ಯವಸ್ಥೆಯನ್ನು ಆರಂಭಿಸಿತು. 2012ರ ಕೊನೆಗೆ ಅದು ಏಷ್ಯಾ-ಪೆಸಿಫಿಕ್ ಪ್ರದೇಶದ ಸೇವೆಯಾಯಿತು. 2020ರ ಜುಲೈ 31ರಂದು ಜಾಗತಿಕ ಸೇವೆಯೆಂದು ಘೋಷಿತವಾಯಿತು. ಆದರೂ ಅದು ತನ್ನ ಪ್ರಾದೇಶಿಕ ರೂಪವನ್ನು ಪೂರ್ತಿಯಾಗಿ ಕಳಚಿಲ್ಲ. ಜಗತ್ತನ್ನು ಸುತ್ತುವ 24 ಉಪಗ್ರಹಗಳ ಜೊತೆಗೆ ಏಷ್ಯಾದ ಮೇಲೆಯೇ ಉಳಿಯುವ ಆರು ಉಪಗ್ರಹಗಳನ್ನು ಅದು ಇರಿಸಿಕೊಂಡಿದೆ. ಹೊರಗೆ ಜಾಗತಿಕವಾದ ವ್ಯವಸ್ಥೆ ತನ್ನ ಪ್ರದೇಶಕ್ಕೆ ವಿಶೇಷ ನಿಷ್ಠೆಯನ್ನು ಉಳಿಸಿಕೊಂಡಿರುವುದಕ್ಕೆ ಇದು ನಿದರ್ಶನ.

ನಾಲ್ಕನೆಯದು ಸ್ವಾಯತ್ತತೆಯ ಸಂಬಂಧ. ಭಾರತ ಸರಕಾರ 2006ರಲ್ಲಿ ಒಪ್ಪಿಗೆ ನೀಡಿದ ಪ್ರಾದೇಶಿಕ ಯೋಜನೆಯ ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಶ್ರೀಹರಿಕೋಟಾದಿಂದ ಹಾರಿದವು. ಮೂರು ಉಪಗ್ರಹಗಳು ಭೂಸ್ಥಿರ ಕಕ್ಷೆಯಲ್ಲಿಯೂ ನಾಲ್ಕು ಸುಮಾರು 29 ಡಿಗ್ರಿ ಓರೆಯಾದ ಭೂಸಮಕಾಲಿಕ ಕಕ್ಷೆಗಳಲ್ಲಿಯೂ ಇರುವುದು ಇದರ ವಿನ್ಯಾಸ. ಓರೆ ಕಕ್ಷೆಯ ಉಪಗ್ರಹಗಳು ಭೂಮಿಯಿಂದ ನೋಡಿದಾಗ ಇಂಗ್ಲಿಷಿನ 8ರ ಅಂಕಿಯನ್ನು ಬರೆಯುತ್ತ ಉತ್ತರ ದಕ್ಷಿಣವಾಗಿ ಚಲಿಸುತ್ತವೆ; ದಿಗಂತದಾಚೆಗೆ ಹೋಗುವುದಿಲ್ಲ. ಭಾರತ ಮತ್ತು ಅದರ ಗಡಿಯಾಚೆಗಿನ 1,500 ಕಿಲೋಮೀಟರ್ ವರೆಗಿನ ಪ್ರದೇಶ ಇದರ ಮುಖ್ಯ ವ್ಯಾಪ್ತಿ. ಅಲ್ಲಿ 20 ಮೀಟರಿಗಿಂತ ಉತ್ತಮವಾದ ನಿಖರತೆ ಇದರ ಗುರಿ. ಇದರ ಕಾಲಮಾನವನ್ನು ಕಾಯುವ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ನಿಯಂತ್ರಣ ಹಾಸನದ ಕೇಂದ್ರದಿಂದ ನಡೆಯುತ್ತದೆ. ಜಿಪಿಎಸ್ ಇಲ್ಲದಿದ್ದರೂ ಇದು ತನ್ನಷ್ಟಕ್ಕೆ ಸ್ಥಾನವನ್ನು ಹೇಳಬಲ್ಲುದು.

ತೌಲನಿಕ ನೋಟ

ಮೇಲಿನ ವಿವರಗಳಿಂದ ಪ್ರಾದೇಶಿಕ ವ್ಯವಸ್ಥೆಯು ಜಾಗತಿಕ ವ್ಯವಸ್ಥೆಯನ್ನು ಕತ್ತರಿಸಿ ತೆಗೆದ ತುಣುಕಲ್ಲ ಎಂಬುದು ಸ್ಪಷ್ಟವಾಗುತ್ತದೆ. 24ರ ಪೈಕಿ ಏಳು ಜಿಪಿಎಸ್ ಉಪಗ್ರಹಗಳನ್ನು ಭಾರತಕ್ಕೆ ಕೊಟ್ಟರೆ ನಾವಿಕ್ ಆಗುವುದಿಲ್ಲ. ಅವು ಕೆಲವೇ ಗಂಟೆಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿರುತ್ತವೆ. ಪ್ರಾದೇಶಿಕತೆಗೆ ಬೇರೆಯದೇ ಆದ ಎತ್ತರ, ಬೇರೆಯದೇ ಆದ ಕಕ್ಷೆ ಬೇಕು. ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಹೋದಾಗ ಮಾತ್ರ ಉಪಗ್ರಹವು ಭೂಮಿಯ ತಿರುಗುವಿಕೆಗೆ ಸಮನಾಗಿ ಸುತ್ತಿ ಒಂದೇ ಪ್ರದೇಶದ ಮೇಲೆ ಉಳಿಯಬಲ್ಲುದು. ಎಂದರೆ ಪ್ರದೇಶಕ್ಕೆ ನಿಷ್ಠವಾಗಿರಲು ನಾವಿಕ್ ಜಿಪಿಎಸ್‌ಗಿಂತಲೂ ಹೆಚ್ಚು ದೂರ ಹೋಗಬೇಕಾಯಿತು.

ಪ್ರಾದೇಶಿಕ ಜ್ಞಾನದ ಪ್ರಶ್ನೆಯೂ ಇಲ್ಲಿ ಮುಖ್ಯವಾದುದು. ಭೂಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಈ ಭೂಭಾಗದ ಮೇಲಿನ ಅಯಾನುಗೋಳ ಉತ್ತರದ ಸಮಶೀತೋಷ್ಣ ದೇಶಗಳಿಗಿಂತ ಹೆಚ್ಚು ಅನಿಯತವಾಗಿ ವರ್ತಿಸುತ್ತದೆ. ಅದರ ಮೂಲಕ ಬರುವ ಸಂಕೇತಗಳು ತಡವಾಗುತ್ತವೆ. ನಾವಿಕ್ ಭಾರತದ ಮೇಲಿನ ಅಯಾನುಗೋಳವನ್ನು ಚೌಕಗಳಾಗಿ ವಿಂಗಡಿಸಿ, ಆಯಾ ಚೌಕಕ್ಕೆ ತಕ್ಕ ತಿದ್ದುಪಡಿಯನ್ನು ಬಿತ್ತರಿಸುವಂತೆ ರೂಪಿತವಾಗಿದೆ. ಇಡೀ ಭೂಮಿಗೆ ಒಂದೇ ಸೂತ್ರವನ್ನು ಅನ್ವಯಿಸುವ ಜಾಗತಿಕ ಮಾದರಿಗೆ ಈ ಸೂಕ್ಷ್ಮ ಸಾಧ್ಯವಾಗದು.

ಇದರಿಂದ ಪ್ರಾದೇಶಿಕತೆಯನ್ನು ವೈಭವೀಕರಿಸಬೇಕಾಗಿಲ್ಲ. ಅದರ ಮಿತಿಗಳೂ ಅಷ್ಟೇ ಸ್ಪಷ್ಟವಾಗಿವೆ. ಮೂವತ್ತರಷ್ಟು ಉಪಗ್ರಹಗಳಿರುವ ವ್ಯವಸ್ಥೆಯಲ್ಲಿ ಒಂದೆರಡು ಕೆಟ್ಟರೆ ಬಳಕೆದಾರನಿಗೆ ತಿಳಿಯುವುದೂ ಇಲ್ಲ. ಏಳರಲ್ಲಿ ಒಂದು ಕೆಟ್ಟರೆ ಇಡೀ ವಿನ್ಯಾಸವೇ ದುರ್ಬಲವಾಗುತ್ತದೆ. ಪ್ರಾದೇಶಿಕ ಎಂಬುದು ಸಾಪೇಕ್ಷವೂ ಹೌದು. ಕೊಲಂಬೊ, ಕಠ್ಮಂಡುಗಳು ನಾವಿಕ್‌ನ ವ್ಯಾಪ್ತಿಯೊಳಗಿವೆ. ಆದರೆ ಅದರ ನಿರ್ವಹಣೆಯಲ್ಲಿ ಆ ದೇಶಗಳ ಮಾತು ನಡೆಯುವುದಿಲ್ಲ. ಜಿಪಿಎಸ್ ಎದುರಿನಲ್ಲಿ ಭಾರತ ಯಾವ ಸ್ಥಾನದಲ್ಲಿದೆಯೋ ನಾವಿಕ್‌ನ ಎದುರಿನಲ್ಲಿ ಆ ನೆರೆಯ ದೇಶಗಳು ಹೆಚ್ಚುಕಡಮೆ ಅದೇ ಸ್ಥಾನದಲ್ಲಿವೆ.

ಹೆಸರು ಮತ್ತು ಗಡಿಯಾರ

ಈ ವ್ಯವಸ್ಥೆಗಳ ಹೆಸರುಗಳು ಭಾಷಿಕವಾಗಿ ಕುತೂಹಲಕರವಾಗಿವೆ. ಬೈದೌ ಎಂದರೆ ಚೀನೀ ಭಾಷೆಯಲ್ಲಿ ನಮ್ಮ ಸಪ್ತರ್ಷಿಮಂಡಲ. ಉತ್ತರ ದಿಕ್ಕನ್ನು ಹುಡುಕಲು ನೆರವಾಗುವ ತಾರಾಪುಂಜ. ಮಿಚಿಬಿಕಿ ಎಂದರೆ ಜಪಾನೀ ಭಾಷೆಯಲ್ಲಿ ದಾರಿ ತೋರುವಿಕೆ. ಇವೆರಡೂ ಆಯಾ ಭಾಷೆಯ ಸಹಜ ಪದಗಳು. ‘ಗಗನ್’ ಮತ್ತು ‘ನಾವಿಕ್’ ಕೇಳುವುದಕ್ಕೆ ಭಾರತೀಯ ಪದಗಳಾದರೂ ವಾಸ್ತವವಾಗಿ ಇಂಗ್ಲಿಷ್ ಪದಪುಂಜಗಳ ಮೊದಲಕ್ಷರಗಳಿಂದ ಕಟ್ಟಿದವು. ‘ಜಿಪಿಎಸ್ ಏಡೆಡ್ ಜಿಯೊ ಆಗ್ಮೆಂಟೆಡ್ ನ್ಯಾವಿಗೇಷನ್’ ಎಂಬುದು ಗಗನ್‌ನ ವಿಸ್ತರಣೆ. ಅದರ ಮೊದಲ ಅಕ್ಷರದಲ್ಲಿಯೇ ಜಿಪಿಎಸ್ ಕುಳಿತಿದೆ. ‘ನ್ಯಾವಿಗೇಷನ್ ವಿತ್ ಇಂಡಿಯನ್ ಕಾನ್‌ಸ್ಟೆಲೇಷನ್’ ಎಂಬುದು ನಾವಿಕ್‌ನ ವಿಸ್ತರಣೆ. ಇಂಗ್ಲಿಷಿನ ‘ನ್ಯಾವಿಗೇಷನ್’ ಪದದ ಲ್ಯಾಟಿನ್ ಮೂಲವೂ ಸಂಸ್ಕೃತದ ‘ನೌ’ ಶಬ್ದವೂ ಜ್ಞಾತಿಪದಗಳಾಗಿರುವುದರಿಂದ ಈ ಸಂಕ್ಷಿಪ್ತರೂಪ ಅರ್ಥದೃಷ್ಟಿಯಿಂದ ಹೊಂದಿಕೊಂಡಿತು. 2016ರಲ್ಲಿ ಪ್ರಧಾನಮಂತ್ರಿಗಳು ಈ ಹೆಸರನ್ನು ಘೋಷಿಸುವ ಮೊದಲು ಯೋಜನೆಯ ಹೆಸರಿನಲ್ಲಿ ‘ರೀಜನಲ್’ ಎಂಬ ಪದವಿತ್ತು. ಹೊಸ ಹೆಸರಿನಲ್ಲಿ ಅದು ಉಳಿಯಲಿಲ್ಲ.

ಹೊರಗೆ ದೇಶೀಯ, ಒಳಗೆ ಪರಕೀಯ ಎಂಬ ಈ ರಚನೆ ಹೆಸರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಮೊದಲ ತಲೆಮಾರಿನ ಉಪಗ್ರಹಗಳ ರುಬಿಡಿಯಂ ಪರಮಾಣು ಗಡಿಯಾರಗಳನ್ನು ಯುರೋಪಿನಿಂದ ಆಮದು ಮಾಡಿಕೊಳ್ಳಲಾಗಿತ್ತು. 2017ರ ಆರಂಭದ ವೇಳೆಗೆ ಮೊದಲ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟವು. ಗಡಿಯಾರ ಕೆಟ್ಟ ಉಪಗ್ರಹ ಕಕ್ಷೆಯಲ್ಲಿ ಸುತ್ತುತ್ತಲೇ ಇರುತ್ತದೆ, ಸಂದೇಶಗಳನ್ನೂ ಕಳುಹಿಸಬಲ್ಲುದು, ಸ್ಥಾನವನ್ನು ಹೇಳಲಾರದು. ಅದರ ಬದಲಿಗೆ 2017ರ ಆಗಸ್ಟ್ 31ರಂದು ಹಾರಿಸಿದ ಉಪಗ್ರಹವು ರಾಕೆಟ್ಟಿನ ಉಷ್ಣಕವಚ ಬೇರ್ಪಡದೆ ಅದರೊಳಗೇ ಉಳಿಯಿತು. 2018ರ ಏಪ್ರಿಲಿನ ಉಡಾವಣೆ ಯಶಸ್ವಿಯಾಯಿತು. 2023ರ ಮೇ 29ರಂದು ಹಾರಿದ ಎರಡನೆಯ ತಲೆಮಾರಿನ ಮೊದಲ ಉಪಗ್ರಹ ಎನ್‌ವಿಎಸ್-01 ದೇಶದಲ್ಲಿಯೇ ತಯಾರಾದ ರುಬಿಡಿಯಂ ಗಡಿಯಾರವನ್ನು ಮೊತ್ತಮೊದಲ ಬಾರಿಗೆ ಹೊತ್ತೊಯ್ದಿತು. ಗಡಿಯಾರದ ಮಟ್ಟಿಗೆ ಸ್ವಾಯತ್ತತೆ ಆರಂಭವಾದುದು ಅಂದು ಎನ್ನಬಹುದು. ಆದರೆ 2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ತನ್ನ ನಿಗದಿತ ಕಕ್ಷೆಗೆ ಏರಲಾಗಲಿಲ್ಲ. ಅದೇ ವರ್ಷ ಸರಕಾರ ಸಂಸತ್ತಿಗೆ ನೀಡಿದ ವಿವರದಂತೆ ಅಲ್ಲಿಯವರೆಗೆ ಹಾರಿಸಿದ ಹನ್ನೊಂದು ಉಪಗ್ರಹಗಳ ಪೈಕಿ ಸ್ಥಾನನಿರ್ಣಯದ ಸೇವೆಯಲ್ಲಿದ್ದವು ನಾಲ್ಕು ಮಾತ್ರ. ಲೆಕ್ಕಕ್ಕೆ ಬೇಕಾದ ಕನಿಷ್ಠ ಸಂಖ್ಯೆಯೂ ನಾಲ್ಕೇ ಎಂಬುದನ್ನು ನೆನೆದರೆ ಪರಿಸ್ಥಿತಿಯ ಗಾಂಭೀರ್ಯ ಅರಿವಾಗುತ್ತದೆ.

ಬಳಕೆಯ ಕಡೆಯಿಂದಲೂ ಇಂಥದೇ ತೊಡಕಿತ್ತು. ನಾವಿಕ್‌ನ ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ಕಂಪನಪಟ್ಟಿಗಳಲ್ಲಿ ಸಂಕೇತ ಕಳುಹಿಸಿದರೆ, ಜಿಪಿಎಸ್‌ಗೆ ಹೊಂದಿಕೊಂಡು ಬೆಳೆದ ಸಾಮಾನ್ಯ ಮೊಬೈಲ್‌ಗಳು ಆಲಿಸುತ್ತಿದ್ದುದು ಎಲ್1 ಪಟ್ಟಿಯನ್ನು. ಆಕಾಶದಲ್ಲಿ ವ್ಯವಸ್ಥೆಯಿದ್ದರೂ ಕೈಯಲ್ಲಿನ ಸಾಧನಕ್ಕೆ ಅದು ಕೇಳಿಸುತ್ತಿರಲಿಲ್ಲ. ಎನ್‌ವಿಎಸ್-01ರಲ್ಲಿ ಎಲ್1 ಸಂಕೇತವನ್ನೂ ಸೇರಿಸಿದುದು ಈ ಕಾರಣದಿಂದ.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಪ್ರಾದೇಶಿಕ ಮತ್ತು ಜಾಗತಿಕ ಎಂಬ ವರ್ಗೀಕರಣ ವ್ಯಾಪ್ತಿಯನ್ನು ಮಾತ್ರ ಸೂಚಿಸುತ್ತದೆ. ಒಡೆತನ, ಕಾಲಮಾನ ಮತ್ತು ನಿರ್ವಹಣೆಯ ಪ್ರಶ್ನೆಗಳನ್ನು ಅದು ಮರೆಮಾಡುತ್ತದೆ. ವ್ಯಾಪ್ತಿಯಲ್ಲಿ ಜಾಗತಿಕವಾದುದು ಒಡೆತನದಲ್ಲಿ ಒಂದು ರಾಷ್ಟ್ರದ್ದೋ ರಾಷ್ಟ್ರಕೂಟದ್ದೋ ಆಗಿರುತ್ತದೆ. ವ್ಯಾಪ್ತಿಯಲ್ಲಿ ಪ್ರಾದೇಶಿಕವಾದುದು ಅವಲಂಬಿಯೂ ಆಗಿರಬಹುದು, ಸ್ವತಂತ್ರವೂ ಆಗಿರಬಹುದು. ಸ್ವತಂತ್ರವಾದುದೂ ಒಮ್ಮೆ ಕಟ್ಟಿ ಮುಗಿಸಿದ ಕಟ್ಟಡದಂತಿರದೆ ಕೆಲವು ವರ್ಷಗಳಿಗೊಮ್ಮೆ ಮತ್ತೆ ಕಟ್ಟಿಕೊಳ್ಳಬೇಕಾದುದಾಗಿರುತ್ತದೆ. 2001ರ ಗ್ಲೋನಾಸ್ ಮತ್ತು 2025ರ ನಾವಿಕ್ ಈ ಮಾತನ್ನು ಸಮರ್ಥಿಸುತ್ತವೆ.

ಇಂದಿನ ಗ್ರಾಹಕ ಸಾಧನಗಳು ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈದೌಗಳನ್ನು ಏಕಕಾಲದಲ್ಲಿ ಆಲಿಸುತ್ತವೆ; ನಾವಿಕನ್ನು ಆಲಿಸುವ ಸಾಧನಗಳೂ ಬಂದಿವೆ. 2019ರ ಜುಲೈ ತಿಂಗಳಲ್ಲಿ ಗೆಲಿಲಿಯೊ ಸೇವೆ ಸುಮಾರು ಒಂದು ವಾರ ನಿಂತುಹೋದಾಗ ಸಾಧನಗಳು ಉಳಿದ ವ್ಯವಸ್ಥೆಗಳ ನೆರವಿನಿಂದ ಕೆಲಸವನ್ನು ಮುಂದುವರಿಸಿದವು. ಬಹುಭಾಷಿಕ ಸಮಾಜದಲ್ಲಿ ಬದುಕುವವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಹಲವು ಭಾಷೆಗಳನ್ನು ಬಲ್ಲವನಿಗೆ ಒಂದು ಕೈಕೊಟ್ಟರೆ ಇನ್ನೊಂದು ಒದಗುತ್ತದೆ. ಆದರೆ ಈ ಅನುಕೂಲವೇ ತನ್ನ ಭಾಷೆ ಸೊರಗುತ್ತಿರುವುದನ್ನು ಅವನ ಗಮನಕ್ಕೆ ಬಾರದಂತೆಯೂ ಮಾಡಬಲ್ಲುದು. ಜಿಪಿಎಸ್ ಉಚಿತವಾಗಿ ದೊರೆಯುತ್ತಿರುವವರೆಗೆ ನಾವಿಕ್‌ನ ಕೊರತೆ ಯಾವ ಬಳಕೆದಾರನಿಗೂ ಅನುಭವಕ್ಕೆ ಬರುವುದಿಲ್ಲ. ಅನುಭವಕ್ಕೆ ಬರುವ ದಿನ ಅದನ್ನು ತುಂಬಲು ಕಾಲಾವಕಾಶವಿರುವುದಿಲ್ಲ. ಪ್ರಾದೇಶಿಕವಾದುದರ ಅಗತ್ಯವನ್ನು ಬಳಕೆಯ ಪ್ರಮಾಣವೊಂದರಿಂದಲೇ ನಿರ್ಧರಿಸಲಾಗದು ಎಂಬುದು ಈ ತೌಲನಿಕ ಅಧ್ಯಯನದಿಂದ ಹೊರಡುವ ಮುಖ್ಯ ನಿಲುವು. ಭಾಷೆಯ ಪ್ರಾದೇಶಿಕತೆಯನ್ನು ಕುರಿತ ಕನ್ನಡದ ಚರ್ಚೆಗಳೂ ಈ ನಿಲುವನ್ನು ಪರಿಶೀಲಿಸಬೇಕಾಗಿದೆ.